ಬಾವಿ ಕೆಡುವ ಮೊದಲೇ ಬಂದ ಶಬನಮ

"ಗಂಗವ್ವನ ಪೂಜಾ ಮಾಡಿದ್ರ ನಿಮ್ಮ ಬೋರು ಕೆಡತೈತೇನ್ರಿ ಮೇಡಂ? ಬಾಯಿಗೆ ಬಂದಂಗ ಮಾತಾಡಬ್ಯಾಡ್ರಿ ಮತ್ತ!"

"ಬಾಯಿಗೆ ಬಂದಂಗ ಅಲ್ಲರಿ, ಕಣ್ಣಿಗೆ ಕಂಡಂಗ ಮಾತಾಡಾಕತ್ತೇನಿ. ಇಲ್ಲಿ ನೋಡ್ರಿ. ದೀಪದ ಎಣ್ಣಿ. ಕರ್ಪೂರ. ಹಾಲು. ನೆಲದಾಗ ಎಣ್ಣಿ ಐತೇನು ಅಂತ ಹುಡುಕಾಕ ತೆಗೆದ ಬೋರು ಇದು. ನೀವ ಎಣ್ಣಿ ಸುರದು ಕುಂತ್ರ ನಾ ಏನು ಹುಡುಕ್ಲಿ, ನಿಮ್ಮ ದೀಪಾನ?"

"ಜಾಗಾ ನಮ್ದು. ನೆಲ ನಮ್ದು. ನಮ್ಮವ್ವ ಎಲ್ಲಿ ಬೇಕಾದಲ್ಲಿ ದೀಪ ಹಚ್ಚತಾಳ!"

"ಹಚ್ಚಲಿ. ಇವತ್ತ ನಿಮ್ಮವ್ವ ಸುಟ್ಟ ಹೋಗ್ತಿದ್ಲು, ಗೊತ್ತೈತೇನು?"

ಕೊನೆಯ ಮಾತಿಗೆ ಚನ್ನೇಶ ತಿರುಗಿ ತಾಯಿಯನ್ನು ನೋಡುತ್ತಾರೆ. ಹಾನಗಲ್ಲಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹಾವೇರಿ ರಸ್ತೆಗೆ ಹೊಂದಿಕೊಂಡ ಒಂದು ಖಾಲಿ ಜಾಗದಲ್ಲಿ, ನೆಲದಿಂದ ಗೇಣುದ್ದ ಮೇಲೆದ್ದ ಪ್ಲಾಸ್ಟಿಕ್ ಪೈಪಿನ ಸುತ್ತ ಮೂವರು ನಿಂತಿದ್ದಾರೆ. ಪೈಪಿಗೆ ಅರಿಶಿಣ ಕುಂಕುಮ ಹಚ್ಚಿದೆ, ಚೆಂಡುಹೂವಿನ ಮಾಲೆ ಹಾಕಿದೆ. ಬುಡದಲ್ಲಿ ಒಡೆದ ತೆಂಗಿನಕಾಯಿ, ಎಲೆ ಅಡಿಕೆ, ಆರಿದ ಹಣತೆ. ಪೈಪಿನೊಳಕ್ಕೆ ಟಾರ್ಚ್ ಬಿಟ್ಟು ನೋಡುತ್ತಿರುವ ಹೆಂಗಸು ಶಬನಮ. ಎದುರಿಗೆ ಜಾಗದ ಮಾಲೀಕ ಚನ್ನೇಶ. ಅವರ ಹಿಂದೆ ಸೆರಗನ್ನು ಬಾಯಿಗೆ ಹಿಡಿದು ನಿಂತಿರುವವರು ತಾಯಿ ಸುಶೀಲವ್ವ. ಪೂಜೆ ಮಾಡಿದ್ದು ಅವರೇ.

"ನೆಲದಾಗಿಂದ ನೀರು ತಗದೀರಿ. ಒಂದು ಕಾಯಿ ಒಡೀಲಿಲ್ಲ, ಒಂದು ಊದಿನಕಡ್ಡಿ ಹಚ್ಚಲಿಲ್ಲ. ನನ್ನ ಮನಸ್ಸು ತಡೀಲಿಲ್ಲ ತಂಗಿ" ಎನ್ನುತ್ತಾರೆ ಸುಶೀಲವ್ವ.

ಶಬನಮರ ಧ್ವನಿ ಇಳಿಯುತ್ತದೆ. "ಪೂಜಾ ಮಾಡಿದ್ದಕ್ಕ ಬೈಲಿಲ್ಲ ಅವ್ವಾರ. ಈ ಪೈಪಿನ ಬಾಯಾಗ ಪೆಟ್ರೋಲಿನ ಗಾಳಿ ಇರಬಹುದು. ಅದರ ಮುಂದ ದೀಪ ಹಚ್ಚೀರಿ. ಭಪ್ ಅಂತ ಹತ್ತಿದ್ರ ನಿಮ್ಮ ಸೆರಗು ಉಳೀತಿದ್ದಿಲ್ಲ. ಹೆದರಿಕಿಗೆ ಒದರಿದೆ."

ನಮ್ಮ ಕಡೆ ನೆಲ ಕೊರೆದು ನೀರು ಬಂತೆಂದರೆ ಅದು ಗಂಗವ್ವ. ಹೊಲದ ಬೋರಿರಲಿ, ಹಿತ್ತಲ ಬಾವಿಯಿರಲಿ, ಮೊದಲ ನೀರಿಗೆ ಅರಿಶಿಣ ಕುಂಕುಮ, ಕಾಯಿ, ದೀಪ ಆಗಲೇಬೇಕು. ಆದರೆ ಇದು ಕುಡಿಯುವ ನೀರಿನ ಬೋರಲ್ಲ. ನೆಲದೊಳಗೆ ಪೆಟ್ರೋಲ್ ಸೋರಿದೆಯೇ, ಸೋರಿದ್ದರೆ ಎತ್ತ ಹೊರಟಿದೆ ಎಂದು ತಿಳಿಯಲು ತೆಗೆದ ತನಿಖೆಯ ಬೋರು. ಇದನ್ನು ಸುಶೀಲವ್ವನಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಮುಚ್ಚಳಕ್ಕೆ ಬೀಗ ಇತ್ತು. ಜಾಗದ ಮಾಲೀಕರ ಹತ್ತಿರ ಒಂದು ಕೀಲಿ ಇರಬೇಕೆಂಬ ನಿಯಮ ಇರುವುದರಿಂದ ಮಗನ ಹತ್ತಿರ ಕೀಲಿಯೂ ಇತ್ತು. "ಅವ್ವ ಕೇಳಿದ್ಲು, ಕೊಟ್ಟೆ" ಎನ್ನುತ್ತಾರೆ ಚನ್ನೇಶ. ಇರಬಹುದು. ತಾಯಿ ಕೇಳಿದರೆ ಯಾವ ಮಗ ಇಲ್ಲ ಅನ್ನುತ್ತಾನೆ? ಆದರೆ ಅದರ ಬೆನ್ನಿಗೇ ಅವರು ಆಡಿದ ಮಾತು ಕೇಳಿದರೆ ಯಾರಿಗಾದರೂ ಮೈ ಉರಿಯಬೇಕು.

"ಆಗಿದ್ದು ಆತು ಬಿಡ್ರಿ ಮೇಡಂ. ಈಗ ಇದರಾಗಿನ ನೀರ ತುಂಬಿಕೊಂಡ ಹೋಗ್ರಿ. ಚಲೋ ಬಂದ್ರ ಚಲೋ. ಕೆಟ್ಟ ಬಂದ್ರ ಪೂಜಾದ ಎಣ್ಣಿ ಅಂತ ಬರೀರಿ. ಯಾರಿಗೂ ತ್ರಾಸಿಲ್ಲ."

ಯಾರಿಗೂ ತ್ರಾಸಿಲ್ಲವಂತೆ! ಗೋಡೆಯಾಚೆ ಫಕ್ಕೀರವ್ವನ ಖಾನಾವಳಿ ಇದೆ. ಖಾನಾವಳಿಯ ಹಿತ್ತಲಲ್ಲಿ ಅವರ ಅತ್ತೆಯ ಕಾಲದ ಕಲ್ಲುಕಟ್ಟಿದ ಬಾವಿ ಇದೆ. ಬಸ್ ಸ್ಟ್ಯಾಂಡಿನ ಮಂದಿ, ಕಚೇರಿಯ ಮಂದಿ, ಪೇಟೆಗೆ ಭತ್ತ ತಂದ ಮಂದಿ, ಎಲ್ಲರೂ ಮಧ್ಯಾಹ್ನ ಅಲ್ಲಿ ರೊಟ್ಟಿ ಉಣ್ಣುತ್ತಾರೆ, ಆ ಬಾವಿಯ ನೀರು ಕುಡಿಯುತ್ತಾರೆ. ಈ ಜಾಗದಲ್ಲಿದ್ದ ಹಳೆಯ ಪೆಟ್ರೋಲ್ ಬಂಕಿನ ಟಾಕಿ ಹೂತಿದ್ದ ಗುಂಡಿಗೂ ಆ ಬಾವಿಗೂ ನಡುವೆ ಇರುವುದು, ಇಲ್ಲಿ ತೆಗೆದ ನಾಲ್ಕು ಬೋರುಗಳಲ್ಲಿ, ಈ ಮೂರನೇ ಬೋರು ಒಂದೇ. ಉಳಿದ ಮೂರು ಬೋರುಗಳು ರಸ್ತೆಯ ಕಡೆಗಿವೆ. ಪೆಟ್ರೋಲ್ ಬಾವಿಯ ಕಡೆ ಹೊರಟಿದೆಯೋ ಇಲ್ಲವೋ ಎಂದು ಬಾಯಿಬಿಟ್ಟು ಹೇಳಬಲ್ಲದ್ದು ಇದೊಂದೇ. ಅದರ ಬಾಯಿಗೇ ಎಣ್ಣೆ ಬಿದ್ದಿದೆ.

ಶಬನಮ ಹುಬ್ಬಳ್ಳಿಯ ಕಚೇರಿಗೆ ಫೋನ್ ಮಾಡುತ್ತಾರೆ. ಮಣ್ಣು ನೀರು ಪರೀಕ್ಷೆ ಮಾಡುವ ಆ ಖಾಸಗಿ ಸಂಸ್ಥೆಯಲ್ಲಿ ಅವರ ಮೇಲಿನವರು ಪ್ರಶಾಂತ. ಆ ಕಡೆಯ ಉತ್ತರ ಫೋನಿನಿಂದ ಹೊರಗೂ ಕೇಳಿಸುತ್ತದೆ: ಉಳಿದ ಮೂರು ಬೋರಿನ ನೀರು ತಗೊಂಡು ಬಾ, ಇದೊಂದು ಕೆಟ್ಟಿತು ಅಂತ ಬರೆದುಬಿಡೋಣ, ಇದ್ದಷ್ಟು ಸಾಕು.

"ಇದ್ದಷ್ಟು ಅಂದ್ರ ಎಷ್ಟರಿ ಸರ? ಅರ್ಧಾ ಖರೆ ತರಲೇನ್ರಿ?" ಎಂದು ಕೇಳುತ್ತಾರೆ ಶಬನಮ. "ಈ ಬೋರು ಸಿಮೆಂಟ್ ತುಂಬಿ ಮುಚ್ಚತೇನಿ. ಬಾಜೂಕ ಇನ್ನೊಂದು ಹಾಕತೇನಿ. ಮಷೀನ್ ಇಲ್ಲಂದ್ರ ಇಲ್ಲ. ಕೈಲೆ ಹಾಕತೇವಿ."

ಫೋನ್ ಇಡುತ್ತಾರೆ. ಅಷ್ಟರಲ್ಲಿ ಹಯಾತ ಟೆಂಪೊ ನಿಲ್ಲಿಸಿ ಪಕ್ಕಕ್ಕೆ ಬಂದಿದ್ದಾರೆ. ಒಂದು ಕಾಲಕ್ಕೆ ಹಳ್ಳಿಗಳಲ್ಲಿ ಕೈಪಂಪು ರಿಪೇರಿ ಮಾಡುತ್ತಿದ್ದವರು, ಈಗ ಶಬನಮರ ಜೋಡಿ ಬೋರಿನ ಕೆಲಸಕ್ಕೆ ಬರುತ್ತಾರೆ.

"ಮಷೀನ್ ಹಿರೇಕೆರೂರಿಗೆ ಹೋಗೈತಿ ಬೇಟಿ. ಈ ವಾರ ಬರಾಂಗಿಲ್ಲ."

"ಕೈ ಅದಾವಲ್ಲ ಚಾಚಾ."

"ನಿನ್ನ ಕೈ ಅದಾವ. ನನ್ನ ಸೊಂಟ ಎಲ್ಲೈತಿ?"

ಹೀಗೆ ಅನ್ನುತ್ತಲೇ ಹಯಾತ ಟೆಂಪೊದಿಂದ ಕಬ್ಬಿಣದ ಕೈಬೋರು ಇಳಿಸುತ್ತಾರೆ. ತುದಿಗೆ ತಿರುಪಿನ ಅಲಗು, ಮೇಲೆ ಅಡ್ಡ ಹಿಡಿಕೆ. ಇಬ್ಬರು ಎದುರುಬದುರು ನಿಂತು ಹಿಡಿಕೆ ತಿರುಗಿಸಬೇಕು. ಮಣ್ಣು ತುಂಬಿದಂತೆ ಮೇಲೆತ್ತಬೇಕು, ಕೆಡವಬೇಕು, ಮತ್ತೆ ಇಳಿಸಬೇಕು.

ನಮ್ಮ ಊರುಗಳಲ್ಲಿ ಕಟ್ಟಡ ಎದ್ದಾಗ ರಿಬ್ಬನ್ ಕತ್ತರಿಸಿದವನ ಫೋಟೊ ಪೇಪರಿನಲ್ಲಿ ಬರುತ್ತದೆ. ಆ ಕಟ್ಟಡದ ಕೆಳಗಿನ ನೆಲದಲ್ಲಿ ಏನಿದೆ ಎಂದು ಮೊದಲು ನೋಡಿದವರು ಯಾರೆಂದು ಯಾರೂ ಕೇಳುವುದಿಲ್ಲ. ಬಂಕು ಮುಚ್ಚುತ್ತದೆ, ಟಾಕಿ ಕಿತ್ತು ಗುಜರಿಗೆ ಹಾಕುತ್ತಾರೆ, ಗುಂಡಿಗೆ ಮಣ್ಣು ತುಂಬುತ್ತಾರೆ, ಮೇಲೆ ಕಲ್ಯಾಣ ಮಂಟಪವೋ ಬಟ್ಟೆ ಅಂಗಡಿಯೋ ಬರುತ್ತದೆ. ಟಾಕಿಯ ತಳಕ್ಕೆ ತುಕ್ಕು ಹಿಡಿದು ತೂತಾಗಿತ್ತೇ ಎಂದು ಕೇಳಿದವನೇ ಹುಚ್ಚ. ಚನ್ನೇಶ ಕೂಡ ತಾವಾಗಿ ಕೇಳಿದವರಲ್ಲ. ತಂದೆ ನಡೆಸುತ್ತಿದ್ದ ಬಂಕಿನ ಜಾಗದಲ್ಲಿ ವಾಣಿಜ್ಯ ಸಂಕೀರ್ಣ ಕಟ್ಟಲು ಹೊರಟಿದ್ದಾರೆ. ನೆಲಮಹಡಿ ಬಾಡಿಗೆಗೆ ಹಿಡಿಯಲು ಬಂದ ಹೊರಗಿನ ಕಂಪನಿಯೊಂದು ಮಣ್ಣು ನೀರು ಪರೀಕ್ಷೆ ಆಗದೆ ಕರಾರಿಲ್ಲ ಎಂದಿತು. ಹಾಗಾಗಿ ಶಬನಮ ಬಂದರು.

ಶಬನಮ ಸವಣೂರಿನವರು. ತಂದೆ ಖಾದರಸಾಬ ವೀಳ್ಯದೆಲೆ ವ್ಯಾಪಾರಿ. ಬುಟ್ಟಿಯಲ್ಲಿ ಬಂದ ಎಲೆಯನ್ನು ಎಳೆಯದು, ಬಲಿತದ್ದು, ಕಲೆ ಬಿದ್ದದ್ದು ಎಂದು ವಿಂಗಡಿಸಿ ಒದ್ದೆ ಬಟ್ಟೆಯಲ್ಲಿ ಸುತ್ತುವ ಕೆಲಸ ಮನೆಯ ಹೆಣ್ಣುಮಕ್ಕಳದು. ಶಬನಮ ಆ ಕೆಲಸ ಮಾಡುತ್ತಲೇ ಓದಿದರು, ರಸಾಯನಶಾಸ್ತ್ರದಲ್ಲಿ ಪದವಿ ಪಡೆದರು, ಹುಬ್ಬಳ್ಳಿಯ ಪ್ರಯೋಗಾಲಯದಲ್ಲಿ ಶೀಶೆ ತೊಳೆಯುವ ಕೆಲಸಕ್ಕೆ ಸೇರಿದರು. ಹೊರಗೆ ಹೋಗಿ ಮಣ್ಣು ನೀರು ತರುವ ಕೆಲಸಕ್ಕೆ ಯಾರೂ ನಿಲ್ಲುತ್ತಿರಲಿಲ್ಲ. ಬಿಸಿಲು, ಧೂಳು, ಬಂಕಿನವರ ಬೈಗುಳ. "ನಾ ಹೋಗ್ತೇನಿ ಅಂದೆ. ಎರಡ ದಿನ ಮಾಡಿ ಬಿಡತಾಳ ಅಂದ್ರು. ಮದುವಿ ಆದ ಮ್ಯಾಲ ಬಿಡತಾಳ ಅಂದ್ರು. ಮಗಳು ಹುಟ್ಟಿದ ಮ್ಯಾಲ ಬಿಡತಾಳ ಅಂದ್ರು. ಮಗಳು ಈಗ ಸಾಲಿಗೆ ಹೋಗಾಕತ್ತಾಳ" ಎಂದು ನಗುತ್ತಾರೆ.

ಸವಣೂರು, ಶಿಗ್ಗಾಂವಿ, ಹಾನಗಲ್, ಹಿರೇಕೆರೂರು, ಈ ನಾಲ್ಕೂ ತಾಲೂಕುಗಳಲ್ಲಿ ಬಂಕು, ಗ್ಯಾರೇಜು, ಡೀಸೆಲ್ ಡಿಪೊ, ಜನರೇಟರ್ ಕೋಣೆ ಇರುವ ಜಾಗಗಳ ನೆಲ ಅವರಿಗೆ ಮನೆಯ ಅಂಗಳದಂತೆ ಪರಿಚಯ. ಶಿಗ್ಗಾಂವಿಯ ಕಡೆ ಎಷ್ಟು ಅಡಿಗೆ ಗರಸಿನ ಜಲ್ಲಿಮಣ್ಣು ಸಿಗುತ್ತದೆ, ಆಡೂರಿನ ಕಡೆ ಗದ್ದೆಯ ಮಣ್ಣು ಹೇಗೆ ಅಲಗಿಗೆ ಮೆತ್ತಿಕೊಳ್ಳುತ್ತದೆ ಎಂಬುದು ಅವರ ತೋಳಿಗೆ ಗೊತ್ತು.

ನೀರಿನ ಮಾದರಿ ತೆಗೆಯುವ ದಿನ ಶಬನಮರ ಮನೆಯಲ್ಲಿ ಬೇರೆಯದೇ ಕಟ್ಟಳೆ. ಅತ್ತರು ಹಚ್ಚುವಂತಿಲ್ಲ. ತಲೆಗೆ ಎಣ್ಣೆ ಇಲ್ಲ. ಕೈಗೆ ಮೆಹಂದಿ ಇಲ್ಲ. ಗಂಡ ನಾಸೀರ ಕರಿದ ಖಾರದ ತಿಂಡಿ ಮಾಡಿ ಮಾರುವವರು. ಆ ದಿನ ಅವರ ಕಡಾಯಿಯ ಹತ್ತಿರ ಹೆಂಡತಿ ಸುಳಿಯುವುದಿಲ್ಲ. ಮನೆಯಲ್ಲಿ ಸ್ಕೂಟರ್ ಇದ್ದರೂ ಬಸ್ಸಿಗೇ ಬರುತ್ತಾರೆ. ದಾರಿಯಲ್ಲಿ ಪೆಟ್ರೋಲ್ ಹಾಕಿಸಿದರೆ ಕೈಗೆ ತಗಲಿದ ಒಂದು ಹನಿಯೇ ಸಾಕು, ಚೊಕ್ಕ ನೀರೂ ಕೆಟ್ಟಿದೆ ಎಂದು ಪರೀಕ್ಷೆ ಸುಳ್ಳು ಹೇಳೀತು. "ನಮ್ಮತ್ತಿ ಗೌಸಬಿ ಅಂತಾರ, ಹಬ್ಬದಾಗೂ ಅತ್ತರಿಲ್ಲ, ತೆಲಿಗೆ ಎಣ್ಣಿ ಇಲ್ಲ, ಫಕೀರನ್ನ ತಂದಂಗಾತು ಮನಿಗೆ ಅಂತ. ಆದ್ರ ಮುಂಜಾನೆದ್ದು ಡಬ್ಬಿ ಕಟ್ಟಾಕಿನೂ ಆಕೀನ."

ವಾಸನೆ ಹಿಡಿದು ಹೇಳುತ್ತೀರಾ ಎಂದು ಎಲ್ಲರೂ ಕೇಳುತ್ತಾರಂತೆ. ಅದಕ್ಕೆ ಶಬನಮ ಒಪ್ಪುವುದಿಲ್ಲ. "ಮೂಗಿನಂಥಾ ಸುಳ್ಳಬುರುಕ ಇನ್ನೊಂದಿಲ್ಲರಿ. ಜರಾ ಹೊತ್ತು ನಿಂತ್ರ ರೂಢಿ ಆಗತೈತಿ, ಏನೂ ಇಲ್ಲ ಅಂತೈತಿ. ಹಿರೇಕೆರೂರ ಕಡೆ ಒಂದೂರಾಗ ಗ್ಯಾರೇಜಿನ ಹಿಂದಿನ ಬಾವಿ. ನೀರಿನ ಮ್ಯಾಲ ಕಾಮನಬಿಲ್ಲಿನ ಬಣ್ಣ ತೇಲತಿತ್ತು. ಬಾಯಿಗೆ ಹಾಕೂಹಂಗಿರಲಿಲ್ಲ. ನೀರು ಸೇದಾಕಿನ್ನ ಕೇಳಿದೆ, ಯಾವಾಗಿಂದ ಹಿಂಗೈತಿ ಅಂತ. ನನ್ನ ಮಗಳ ಮದುವ್ಯಾಗ ಒಂದೀಟ ವಾಸನಿ ಇತ್ತು, ಈಗೇನೂ ಬರಾಂಗಿಲ್ಲ ಅಂದ್ಲು. ಆ ಮಗಳಿಗೆ ಎರಡ ಮಕ್ಕಳಾಗಿದ್ದುವು."

ಈ ಮಾತು ಹೇಳುವಾಗ ಅವರು ನಗುವುದಿಲ್ಲ. ಪೆಟ್ರೋಲಿನ ಬಹುಪಾಲು ನೀರಿನ ಮೇಲೆ ತೇಲುತ್ತದೆ, ಸ್ವಲ್ಪ ನೀರಿನಲ್ಲಿ ಕರಗುತ್ತದೆ. ತೇಲುವುದು ಕಣ್ಣಿಗೆ ಕಾಣುತ್ತದೆ. ಕರಗಿದ್ದು ಕಾಣುವುದಿಲ್ಲ. ಅದರಲ್ಲಿ ಬೆಂಜೀನ್ ಎಂಬುದಿದೆ, ವರ್ಷಗಟ್ಟಲೆ ಹೊಟ್ಟೆಗೆ ಹೋದರೆ ರಕ್ತದ ಕ್ಯಾನ್ಸರ್ ತರಬಲ್ಲದು. ಆ ಕಾಣದ್ದನ್ನು ಹಿಡಿಯಲು ಶಬನಮ ಬೆರಳುದ್ದದ ಗಾಜಿನ ಶೀಶೆಗಳನ್ನು ತರುತ್ತಾರೆ. ನೀರನ್ನು ಒಂದು ಗುಳ್ಳೆಯೂ ಉಳಿಯದಂತೆ ಕಂಠಮಟ್ಟ ತುಂಬಿ ಬಿರಡೆ ಬಿಗಿಯುತ್ತಾರೆ. ಗುಳ್ಳೆ ಉಳಿದರೆ ಪೆಟ್ರೋಲ್ ಆವಿಯಾಗಿ ಅದರೊಳಗೆ ಸೇರುತ್ತದೆ, ನೀರು ಚೊಕ್ಕ ಎಂದು ಉತ್ತರ ಬರುತ್ತದೆ. ತುಂಬಿದ ಶೀಶೆ ಮಂಜುಗಡ್ಡೆಯ ಪೆಟ್ಟಿಗೆಗೆ ಹೋಗುತ್ತದೆ, ಪೆಟ್ಟಿಗೆ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗುತ್ತದೆ. "ಒಬ್ಬ ಕಂಡಕ್ಟರು ಐಸ್‌ಕ್ರೀಮೇನ್ರಿ ಅಂತಾನ. ಇನ್ನೊಬ್ಬ ಮೀನಿದ್ರ ಕೆಳಗಿಳೀರಿ ಅಂತಾನ. ನೀರು ಅಂದ್ರ ಯಾರೂ ನಂಬಂಗಿಲ್ಲ. ನೀರಿಗೆ ಯಾರ ಐಸ್ ಇಡತಾರ!"

ಕೆಲಸದ ಜಾಗದಲ್ಲಿ ಹೆಂಗಸರಿಗೆ ಶೌಚಾಲಯ ಇರುವುದಿಲ್ಲ. ನೆರಳಿರುವುದಿಲ್ಲ. ಗ್ಯಾರೇಜಿನವರು ಸರ್ಕಾರದವಳು ಎಂದು ಬಾಗಿಲು ಹಾಕುತ್ತಾರೆ, ಸರ್ಕಾರಿ ಕಚೇರಿಯವರು ಖಾಸಗಿಯವಳು ಎಂದು ಹೊರಗೆ ನಿಲ್ಲಿಸುತ್ತಾರೆ. ಶಬನಮ ಇದನ್ನೆಲ್ಲ ದೂರಿನಂತೆ ಹೇಳುವುದಿಲ್ಲ, ಕೇಳಿದ್ದಕ್ಕೆ ಹೇಳುತ್ತಾರೆ ಅಷ್ಟೆ. ಸಿಟ್ಟು ಬರುವುದು ನಮಗೆ.

ಮತ್ತೆ ಹಾನಗಲ್ಲಿನ ಆ ಜಾಗಕ್ಕೆ ಬರೋಣ. ಹೊಸ ಬೋರಿಗೆ ಗುರುತು ಹಾಕಿದ್ದಾರೆ. ಸುಶೀಲವ್ವ ಇನ್ನೂ ಹೋಗಿಲ್ಲ.

"ಇದಕ್ಕೂ ಪೂಜಾ ಇಲ್ಲೇನು?" ಎಂದು ಕೇಳುತ್ತಾರೆ.

ಶಬನಮ ಸ್ವಲ್ಪ ಯೋಚಿಸಿ ಹೇಳುತ್ತಾರೆ. "ಮಾಡ್ರಿ ಅವ್ವಾರ. ಯಾಕ ಬ್ಯಾಡ? ನೆಲಕ್ಕ ಅಲಗು ಇಳಿಯೂಕಿಂತ ಮೊದಲ ಮಾಡ್ರಿ. ಅಲ್ಲಿ, ಗೇಟಿನ ಕಲ್ಲಿನ ಹತ್ರ. ಕಾಯಿ ಒಡೀರಿ, ಅರಿಶಿಣ ಹಚ್ಚರಿ. ದೀಪ ಮಾತ್ರ ಬ್ಯಾಡ. ನೀರು ಬಂದ ಮ್ಯಾಲ ಮಾತ್ರ ಯಾರೂ ಹತ್ರ ಬರೂಹಂಗಿಲ್ಲ. ಗಂಗವ್ವ ನನ್ನ ಜೋಡಿ ಒಬ್ಬಾಕಿನ ಮಾತಾಡಬೇಕು."

ಸುಶೀಲವ್ವನ ಮುಖ ಅರಳುತ್ತದೆ. ಗೇಟಿನ ಹತ್ತಿರ ಕಾಯಿ ಒಡೆಯುತ್ತದೆ. ಒಂದು ಹೋಳು ಹಯಾತರ ಕೈಗೆ ಬರುತ್ತದೆ. "ಸೊಂಟಕ್ಕ ಇದ ಔಷಧ" ಎಂದು ಅವರು ಅಲ್ಲೇ ಕಡಿದು ತಿನ್ನುತ್ತಾರೆ. "ಕೈ ತೊಳೀರಿ ಚಾಚಾ, ಕೊಬ್ಬರಿ ಎಣ್ಣಿ!" ಎಂದು ಶಬನಮ ಕೂಗುತ್ತಾರೆ. ಹಯಾತ ಗೊಣಗುತ್ತ ಸಾಬೂನು ಹುಡುಕುತ್ತಾರೆ.

ಹಳೆಯ ಬೋರು ಸಿಮೆಂಟ್ ತುಂಬಿಸಿಕೊಂಡು ಮುಚ್ಚಿಹೋಗುತ್ತದೆ. ಹೊಸದು ನಿಧಾನಕ್ಕೆ ಇಳಿಯುತ್ತದೆ. ಮೊದಲು ತುಂಬಿಸಿದ ಕೆಂಪು ಮಣ್ಣು, ಆಮೇಲೆ ಗರಸು. ಗರಸಿನಲ್ಲಿ ಅಲಗು ಹಲ್ಲು ಕಡಿದಂತೆ ಸದ್ದು ಮಾಡುತ್ತದೆ. ಬೆರಳಗಲ ಇಳಿಯುವುದಕ್ಕೆ ಇಬ್ಬರೂ ಮೈಯೆಲ್ಲ ಭಾರ ಹಾಕಬೇಕು. ಶಬನಮರ ಅಂಗೈಯಲ್ಲಿ ಗುಳ್ಳೆ ಏಳುತ್ತವೆ, ಒಡೆಯುತ್ತವೆ. ಮೇಲೆ ಬಂದ ಮಣ್ಣನ್ನು ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ಬಿಸಿಲಿಗೆ ಬಿಟ್ಟು, ಆವಿ ಅಳೆಯುವ ಸಣ್ಣ ಯಂತ್ರದ ಮೂತಿ ಒಳಗಿಡುತ್ತಾರೆ. ಮೇಲಿನ ಮಣ್ಣಿಗೆ ಮುಳ್ಳು ಅಲುಗುವುದಿಲ್ಲ. ನೀರು ಹತ್ತಿರವಾದಂತೆ ಅಲುಗುತ್ತದೆ. ನೀರಿನ ಮಟ್ಟದ ಮಣ್ಣಿಗೆ ಸರ್ರನೆ ಏರುತ್ತದೆ.

ಹಯಾತ ಮುಳ್ಳು ನೋಡಿ ಶಬನಮರ ಮುಖ ನೋಡುತ್ತಾರೆ. ಶಬನಮ ಗೋಡೆಯ ಕಡೆ ನೋಡುತ್ತಾರೆ.

ಗೋಡೆಯ ಮೇಲಿಂದ ಫಕ್ಕೀರವ್ವ ಇಣುಕುತ್ತಿದ್ದಾರೆ. ಅರವತ್ತರ ಹತ್ತಿರದ ಹೆಂಗಸು, ಕಟ್ಟಿಗೆಯಂಥ ಮೈ, ಗಂಟೆಯಂಥ ಗಂಟಲು. ಬೋರು ತೋಡುವಷ್ಟು ದಿನವೂ ಒಂದು ಕಲ್ಲಿನ ಮೇಲೆ ಹತ್ತಿ ನಿಂತು ಅವರು ಇದನ್ನು ನೋಡಿದ್ದಾರೆ, ಬೈದಿದ್ದಾರೆ. "ಏ ಯವ್ವಾ, ನನ್ನ ಬಾವಿಗೆ ರೋಗ ಐತಿ ಅಂತ ಬೋರ್ಡ್ ಹಾಕಾಕ ಬಂದೀಯೇನು? ನಮ್ಮ ಬಾವಿ ಏರಿಗೈತಿ, ಈ ಬಂಕು ಇಳಕಲಿಗೈತಿ. ನೀರು ಏರಿಗೆ ಹರದದ್ದು ಎಲ್ಲಿ ನೋಡಿ ಬಂದಿ?"

ಮಾತು ತಪ್ಪೇನಲ್ಲ. ನೆಲ ಬಾವಿಯ ಕಡೆಯಿಂದ ರಸ್ತೆಯ ಕಡೆಗೆ ಇಳಿದಿದೆ. ಮಳೆನೀರು ಹಾಗೇ ಹರಿಯುತ್ತದೆ. ನೆಲದೊಳಗಿನ ನೀರೂ ತಾನಾಗಿ ಅತ್ತಲೇ ಹೋಗಬೇಕು. ಶಬನಮ ವಾದಕ್ಕೆ ನಿಲ್ಲುವುದಿಲ್ಲ.

"ಅಕ್ಕಾರ, ನಿಮ್ಮ ಮೋಟರ್ ಒಂದೀಟ ಹಚ್ಚರಿ."

"ಯಾಕ?"

"ಹಚ್ಚರಿ, ಹೇಳತೇನಿ. ಟಾಕಿ ಹೆಂಗೂ ತುಂಬಬೇಕಲ್ಲ."

ಫಕ್ಕೀರವ್ವ ಒಳಗೆ ಹೋಗುತ್ತಾರೆ. ಬಾವಿಯಲ್ಲಿ ಮೋಟರ್ ಗುಂಯ್ ಎನ್ನತೊಡಗುತ್ತದೆ. ಶಬನಮ ಹೊಸ ಬೋರಿಗೆ ಒಂದು ಟೇಪು ಇಳಿಸುತ್ತಾರೆ. ನೀರು ತಾಗಿದರೆ ಪೀ ಎನ್ನುವ ಟೇಪು ಅದು. ಪೀ ಎಂದ ಜಾಗದಲ್ಲಿ ನಿಲ್ಲಿಸಿ ಕಾಯುತ್ತಾರೆ. ಸ್ವಲ್ಪ ಹೊತ್ತಿಗೆ ಸದ್ದು ತಾನಾಗಿ ನಿಲ್ಲುತ್ತದೆ. ಟೇಪು ಇನ್ನಷ್ಟು ಇಳಿಸಿದರೆ ಮತ್ತೆ ಪೀ. ಮತ್ತೆ ನಿಲ್ಲುತ್ತದೆ. ಗೋಡೆಯಾಚೆ ಬಾವಿಯಲ್ಲಿ ನೀರೆತ್ತಿದರೆ ಈಚೆ ಬೋರಿನಲ್ಲಿ ನೀರು ಇಳಿಯುತ್ತಿದೆ.

"ಆರಸ್ರಿ!" ಎಂದು ಶಬನಮ ಕೂಗುತ್ತಾರೆ. ಮೋಟರ್ ಆರುತ್ತದೆ. ನೀರು ನಿಧಾನಕ್ಕೆ ಮೇಲೇರುತ್ತದೆ, ಟೇಪು ಮತ್ತೆ ಕೂಗುತ್ತದೆ.

ಫಕ್ಕೀರವ್ವ ಮತ್ತೆ ಕಲ್ಲು ಹತ್ತಿ ಬಂದು ನೋಡುತ್ತಾರೆ. ನಂಬಿಕೆ ಬರದೆ ತಾವೇ ಹೋಗಿ ಮೋಟರ್ ಹಚ್ಚಿ ಓಡಿ ಬರುತ್ತಾರೆ, ಕಿವಿಗೊಡುತ್ತಾರೆ, ಓಡಿ ಹೋಗಿ ಆರಿಸುತ್ತಾರೆ, ಮತ್ತೆ ಬರುತ್ತಾರೆ. ಕೊನೆಗೆ ಕಲ್ಲಿನ ಮೇಲೆ ನಿಂತು ಸಣ್ಣ ಧ್ವನಿಯಲ್ಲಿ ಕೇಳುತ್ತಾರೆ: "ಅಂದ್ರ ಏರಿಗೆ ನಾನ ಎಳಕೊಳ್ಳಾಕತ್ತೇನೇನು?"

"ಹೌದ್ರಿ ಅಕ್ಕಾರ. ನಿಮ್ಮ ತಪ್ಪಲ್ಲ. ಆದ್ರ ಎಳಿಯೂದು ನಿಮ್ಮ ಮೋಟರ್."

ಮಾದರಿ ತೆಗೆಯುವ ದಿನ ಬರುತ್ತದೆ. ಬೋರಿನ ಹಳೆಯ ನೀರೆಲ್ಲ ಎತ್ತಿ ಚೆಲ್ಲಿ, ಹೊಸ ನೀರು ಊರುವವರೆಗೆ ಕಾದು, ಶಬನಮ ಶೀಶೆ ತುಂಬುತ್ತಾರೆ. ನಾಲ್ಕೂ ಬೋರಿನಿಂದ, ಆಮೇಲೆ ಬಾವಿಯಿಂದ. ಬಾವಿಗೆ ಶೀಶೆ ಮುಟ್ಟಿಸಬೇಡ ಎಂದಿದ್ದ ಫಕ್ಕೀರವ್ವ ಈಗ ತಾವೇ ಹಗ್ಗ ಹಿಡಿಯುತ್ತಾರೆ. "ಚಂದಗೆ ತುಂಬು ಯವ್ವಾ. ಗುಳ್ಳಿ ನಿಂತೀತು ನೋಡು" ಎನ್ನುತ್ತಾರೆ. ಒಂದೇ ದಿನಕ್ಕೆ ಅವರಿಗೆ ಗುಳ್ಳೆಯ ವಿಷಯವೂ ಗೊತ್ತಾಗಿದೆ.

ಕೆಲವು ದಿನದ ಮೇಲೆ ಉತ್ತರ ಬಂದಿದೆ. ಅದನ್ನು ಫೋನಿನಲ್ಲಿ ಹೇಳಿ ಮುಗಿಸಬಹುದಿತ್ತು. ಶಬನಮ ಹಾಗೆ ಮಾಡುವವರಲ್ಲ. ಸವಣೂರಿನಿಂದ ಬಸ್ಸು ಹಿಡಿದು ಮಧ್ಯಾಹ್ನದ ಊಟದ ಹೊತ್ತಿಗೆ ಫಕ್ಕೀರವ್ವನ ಖಾನಾವಳಿಗೆ ಬರುತ್ತಾರೆ. ಚನ್ನೇಶ ಅಲ್ಲೇ ಉಣ್ಣುತ್ತ ಕೂತಿದ್ದಾರೆ. ಬಂಕಿನ ಕಾಲದಿಂದ ಅವರ ಮಧ್ಯಾಹ್ನದ ಊಟ ಇಲ್ಲೇ. ಸಣ್ಣವರಿದ್ದಾಗ ಅಪ್ಪನ ಜೋಡಿ ಬರುತ್ತಿದ್ದರಂತೆ. ಅವರು ಕೂರುವ ಜಾಗ, ಅವರಿಗೆ ಬೇಕಾದ ಗರಿಗರಿಯಾದ ಕಟಿಕಟಿ ರೊಟ್ಟಿ, ಎಲ್ಲ ಫಕ್ಕೀರವ್ವನಿಗೆ ಗೊತ್ತು. ಒಲೆಯ ಮುಂದೆ ಅವರಿಗಾಗಿಯೇ ಒಂದು ರೊಟ್ಟಿ ಸುಡುತ್ತಿದೆ.

"ಉಂಡ ಮಾತಾಡೂಣು ಕುಂಡ್ರು" ಎನ್ನುತ್ತಾರೆ ಫಕ್ಕೀರವ್ವ ಶಬನಮರಿಗೆ, ತಾಟು ಇಡುತ್ತ.

"ಮಾತಾಡಿ ಉಣ್ಣತೇನ್ರಿ" ಎನ್ನುತ್ತಾರೆ ಶಬನಮ. ನಿಂತುಕೊಂಡೇ ಹೇಳುತ್ತಾರೆ. ಹೊಸ ಮೂರನೇ ಬೋರಿನ ನೀರಿನಲ್ಲಿ ಪೆಟ್ರೋಲ್ ಇದೆ. ಕುಡಿಯುವ ನೀರಿಗೆ ಇರಬೇಕಾದ ಮಿತಿಯನ್ನು ಎಷ್ಟೋ ಪಟ್ಟು ಮೀರಿದೆ. ಬಾವಿಯ ನೀರಿನಲ್ಲಿ ಇಲ್ಲ. ಇಲ್ಲವೇ ಇಲ್ಲ. ಬಾವಿ ಚೊಕ್ಕ ಇದೆ.

ಚನ್ನೇಶ ತಾಟಿನಿಂದ ಮುಖ ಎತ್ತುತ್ತಾರೆ. "ಕೇಳಿದ್ಯಾ ಅಕ್ಕಾ? ಬಾವಿ ಚಲೋ ಐತಿ ಅಂತ ಆಕೀನ ಅಂದ್ಲು. ಮುಗೀತಲ್ಲ. ಹಚ್ಚು ಮೋಟರ್."

"ಇವತ್ತ ಚಲೋ ಐತಿ" ಎನ್ನುತ್ತಾರೆ ಶಬನಮ. "ಮೋಟರ್ ಹಿಂಗ ಹಚ್ಚಿಕೋತ ಹೋದ್ರ ಕೆಟ್ಟ ನೀರನ್ನ ನೀವ ಕೈಹಿಡಿದು ಮನಿಗೆ ಕರಕೊಂಡ ಬಂದಂಗ. ನೆಲ ಸ್ವಚ್ಛ ಆಗೂತನಕ ಈ ಬಾವಿಗೆ ಮೋಟರ್ ಬ್ಯಾಡ್ರಿ ಅಕ್ಕಾರ. ನಾ ಬರದ ಕೊಟ್ಟೇನಿ, ಅಲ್ಲಿತನಕ ನೀರಿನ ಬಂದೋಬಸ್ತ ಜಾಗದ ಮಾಲಕರು ಮಾಡಬೇಕು ಅಂತ."

ಫಕ್ಕೀರವ್ವ ಒಲೆಯ ಮುಂದೆಯೇ ಕೂತಿದ್ದಾರೆ. ನಗರದ ನಳ ಬರುವುದು ಯಾವಾಗಲೋ ಒಮ್ಮೆ. ಬಾವಿ ನಿಂತರೆ ಖಾನಾವಳಿ ನಿಂತಂತೆ. ಇದು ಅಲ್ಲಿ ಉಣ್ಣುತ್ತ ಕೂತ ಎಲ್ಲರಿಗೂ ಗೊತ್ತು.

"ಬಾವಿ ಚಲೋ ಐತಿ, ಆದ್ರ ಮುಟ್ಟಬ್ಯಾಡ ಅಂತಿ. ಎಂಥಾ ಮಾತ ಇದು ತಂಗಿ? ಸತ್ತದ್ದಕ್ಕ ಅಳಬಹುದು. ಜೀವ ಇದ್ದದ್ದನ್ನ ಹೆಂಗ ಮುಚ್ಚಲಿ?"

ಶಬನಮ ಅವರ ಎದುರಿಗೆ ಕುಕ್ಕುರುಗಾಲಿನಲ್ಲಿ ಕೂರುತ್ತಾರೆ. "ಅಕ್ಕಾರ, ಇಷ್ಟ ವರ್ಷದಾಗ ನಾ ಹೋದಲ್ಲೆಲ್ಲಾ ಬಾವಿ ಕೆಟ್ಟ ಮ್ಯಾಲ ಹೋಗೇನಿ. ನೀರ ತುಂಬತೇನಿ, ಕೆಟ್ಟೈತಿ ಅಂತ ಬರೀತೇನಿ, ಬರ್ತೇನಿ. ಹೆಣದ ಮನಿಗೆ ಹೋಗಿ ಬಂದಂಗ. ನಿಮ್ಮ ಬಾವಿಗೆ ಮೊದಲ ಬಂದೇನಿ. ನನ್ನ ಕೆಲಸದಾಗ ಇದ ಮೊದಲನೇದು. ಇದೊಂದು ಬಾವಿ ನನಗ ಉಳಿಸಿಕೊಡ್ರಿ."

ಪ್ರಶಸ್ತಿ ಬೇಡ, ಬಡ್ತಿ ಬೇಡ, ಫೋಟೊ ಬೇಡ. ಕೇಳಿದ್ದು ಒಂದು ಬಾವಿ. ಅದೂ ತಮ್ಮದಲ್ಲದ ಬಾವಿ.

ಚನ್ನೇಶ ನಕ್ಕು ಸಮಾಧಾನದ ಧಾಟಿಯಲ್ಲಿ ಮಾತು ಶುರು ಮಾಡುತ್ತಾರೆ. "ಅಕ್ಕಾ, ವಿಚಾರ ಮಾಡು. ಬಾವಿ ನಿಲ್ಲಿಸಿದ್ರ ಊರಾಗ ಸುದ್ದಿ ಆಗತೈತಿ. ನಾಳಿಗೆ ಮಂದಿ ನಿನ್ನ ಸಾರಿಗೆ ಪೆಟ್ರೋಲ್ ಸಾರು ಅಂತ ಹೆಸರಿಡತಾರ. ನೀನೂ ಹಾಳು, ನಾನೂ ಹಾಳು. ಅದಕ್ಕ ಒಂದ ಮಾತ ಹೇಳು ಸಾಕು. ಬೋರಿನ್ಯಾಗ ಬಂದದ್ದು ನಮ್ಮವ್ವ ಹಾಕಿದ ಎಣ್ಣಿ ಅಂತ. ಪೂಜಾ ಮಾಡಿದ್ದು ಎಲ್ಲರೂ ನೋಡ್ಯಾರ. ಯಾವ ಬೋರಿಗೆ ಮಾಡಿದ್ಲು ಅಂತ ಯಾರ್ ಕೇಳತಾರ?"

ಫಕ್ಕೀರವ್ವ ಎದ್ದು ಸೆರಗಿಗೆ ಕೈ ಒರೆಸಿಕೊಳ್ಳುತ್ತಾರೆ.

"ನಾ ಕೇಳತೇನಿ ತಮ್ಮಾ. ಹೊಸಾ ಬೋರು ತೋಡೂ ಮುಂದ ಕಲ್ಲಿನ ಮ್ಯಾಲ ನಿಂತ ನೋಡೇನಿ. ಅದರಾಗ ನಿಮ್ಮವ್ವ ಹನಿ ಎಣ್ಣಿ ಹಾಕಿಲ್ಲ. ಈ ಹುಡುಗಿ ಕೈ ಹರಕೊಂಡ ತೋಡ್ಯಾಳ. ನಾ ಸುಳ್ಳ ಹೇಳಿದ್ರ ನಾಳಿಗೆ ಇಲ್ಲಿ ಕುಂತ ಮಂದಿಗೆ ಯಾವ ಕೈಲೆ ನೀರ ಕೊಡ್ಲಿ?"

ಗೋಡೆಯ ಮೇಲಿನ ಪೆಟ್ಟಿಗೆಯಿಂದ ಮೋಟರಿನ ಫ್ಯೂಸು ಕಿತ್ತು, ಎಲೆ ಅಡಿಕೆಯ ಚೀಲದಲ್ಲಿ ಹಾಕಿ ಸೊಂಟಕ್ಕೆ ಸಿಗಿಸಿಕೊಳ್ಳುತ್ತಾರೆ. "ಬಾವಿ ನಿಂತಿತು. ಇನ್ನ ನೀರು ನೀ ಕೊಡಬೇಕು. ಸೋರಿದ್ದು ನಿಮ್ಮಪ್ಪನ ಟಾಕಿ."

"ಹೊರಗಿನಾಕಿ ಮಾತ ಕೇಳಿ ನನಗ ಹಿಂಗಂತಿಯೇನು?" ಚನ್ನೇಶ ಎದ್ದು ನಿಲ್ಲುತ್ತಾರೆ. ತಾಟಿನಲ್ಲಿ ಅರ್ಧ ರೊಟ್ಟಿ, ಮುಟ್ಟದ ಪಲ್ಯ. "ನಾ ಇನ್ನ ಈ ಮನಿ ಹೊಸ್ತಿಲ ತುಳಿಯೂದಿಲ್ಲ. ನೆನಪಿಟಕೊ."

"ಕೈ ತೊಳಕೊಂಡ ಹೋಗು" ಎನ್ನುತ್ತಾರೆ ಫಕ್ಕೀರವ್ವ. "ನಳದ ನೀರೈತಿ."

ಚನ್ನೇಶ ಕೈ ತೊಳೆಯುವುದಿಲ್ಲ. ಎಂಜಲ ಕೈಯಲ್ಲೇ ಚಪ್ಪಲಿ ಮೆಟ್ಟಿ ಹೊರಗೆ ಹೋಗುತ್ತಾರೆ. ಬೈಕ್ ಚಾಲೂ ಆಗುತ್ತದೆ, ಹಾವೇರಿ ರಸ್ತೆಗೆ ಇಳಿಯುತ್ತದೆ. ಒಲೆಯ ಮೇಲೆ ಅವರಿಗಾಗಿ ಸುಟ್ಟ ರೊಟ್ಟಿ ಕಟಿಕಟಿಯಾಗಿ ಎದ್ದು ನಿಂತಿದೆ. ಫಕ್ಕೀರವ್ವ ಅದನ್ನು ತಂದು ಶಬನಮರ ತಾಟಿಗೆ ಹಾಕುತ್ತಾರೆ.

"ಉಣ್ಣು ಯವ್ವಾ. ಆರತೈತಿ."

ಶಬನಮ ಉಣ್ಣುತ್ತಾರೆ. ಖಾನಾವಳಿ ಇವತ್ತಿಗೂ ನಡೆದಿದೆ, ಓಣಿಯವರು ಸರದಿಯ ಮೇಲೆ ಕೊಡ ಹೊತ್ತು ತಂದು ಹಾಕುತ್ತಿದ್ದಾರೆ. ಚನ್ನೇಶ ಮಾತ್ರ ಅವತ್ತು ಹೋದವರು ಇನ್ನೂ ಆ ಬಾಗಿಲಿಗೆ ಬಂದಿಲ್ಲ.